ಬೀಗ ಇದ್ದರೆ ಸಾಲದು, ಲೆಕ್ಕವೂ ಇರಬೇಕು

ಒಂದು ಭಾನುವಾರ ರಾತ್ರಿ ನಮ್ಮ ನರ್ಸಿಂಗ್ ಹೋಮ್‌ನಿಂದ ಸಿಸ್ಟರ್ ಫೋನ್ ಮಾಡಿದರು: "ಸಾರ್, ಫೆಂಟನಿಲ್ ಒಂದು ಆಂಪೂಲ್ ಕಮ್ಮಿ ಬರ್ತಿದೆ." ಬೀರುವಿಗೆ ಬೀಗ ಹಾಕಿತ್ತು, ನಿಜ. ಆದರೆ ಅದರ ಕೀ ಡ್ಯೂಟಿ ರೂಮಿನ ಮೊಳೆಯಲ್ಲಿ ನೇತಾಡುತ್ತಿತ್ತು! ಮೂರು ದಿನ ಹುಡುಕಿದ ಮೇಲೆ ಗೊತ್ತಾಯಿತು: ಆಪರೇಷನ್‌ಗೆ ಬಳಸಿದ್ದು ಕೇಸ್ ಶೀಟ್‌ನಲ್ಲಿತ್ತು, ರಿಜಿಸ್ಟರ್‌ಗೆ ಏರಿರಲಿಲ್ಲ. ಕಳ್ಳತನವೇ ಆಗಿದ್ದರೆ ಯಾರು ಅಂತ ಹೇಳಲು ನಮ್ಮ ಬಳಿ ಏನೂ ಇರಲಿಲ್ಲ.

ಕಾನೂನು ಏನು ಹೇಳುತ್ತದೆ?

ಮಾರ್ಫಿನ್, ಫೆಂಟನಿಲ್‌ನಂಥ ಔಷಧಿಗಳು 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತವೆ. ನೋವಿನ ಮಾತ್ರೆ ಅಂತ ನಾವು ಸಲೀಸಾಗಿ ಬರೆಯುತ್ತಿದ್ದ ಟ್ರಾಮಡಾಲ್ ಕೂಡ 2018ರಿಂದ ಇದರ ವ್ಯಾಪ್ತಿಯಲ್ಲಿದೆ. ಕೆಟಮಿನ್ ಇರುವುದು ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್‌ನಲ್ಲಿ. ಆ ಪಟ್ಟಿಯ ಔಷಧಿಗಳನ್ನು ಮೆಡಿಕಲ್ ಸ್ಟೋರ್‌ನವರು ಅವುಗಳಿಗೇ ಮೀಸಲಾದ ಬೀರುವಿನಲ್ಲಿ ಬೀಗ ಹಾಕಿ ಇಡಬೇಕು, ಚೀಟಿಯ ಒಂದು ಪ್ರತಿಯನ್ನು ಎರಡು ವರ್ಷ ಕಾಪಾಡಬೇಕು.

ನಾವೀಗ ಮಾಡುವುದು

- ಗೋಡೆಗೆ ಬಿಗಿದ ಪ್ರತ್ಯೇಕ ಕಬ್ಬಿಣದ ಬೀರು. ಅದರಲ್ಲಿ ದುಡ್ಡು, ಮೊಬೈಲ್, ಬೇರೆ ಮಾತ್ರೆ ಏನೂ ಇಡುವಂತಿಲ್ಲ.
- ಕೀ ಆ ಪಾಳಿಯ ಒಬ್ಬರ ಹತ್ತಿರ ಮಾತ್ರ. ಪಾಳಿ ಬದಲಾಗುವಾಗ ಇಬ್ಬರೂ ಎಣಿಸಿ ಸಹಿ ಹಾಕಿಯೇ ಕೀ ಕೊಡಬೇಕು.
- ಪುಟಸಂಖ್ಯೆ ಇರುವ ಬೈಂಡ್ ಪುಸ್ತಕ. ಬಂದದ್ದು, ಬ್ಯಾಚ್ ನಂಬರ್, ರೋಗಿಯ ಹೆಸರು, ಕೊಟ್ಟ ಪ್ರಮಾಣ, ಉಳಿದದ್ದು ಎಲ್ಲವೂ ಅದರಲ್ಲಿರಬೇಕು. ತಪ್ಪಾದರೆ ಒಂದೇ ಗೆರೆ ಎಳೆದು ಸಹಿ; ವೈಟ್ನರ್ ಬೇಡವೇ ಬೇಡ.
- ಆಂಪೂಲ್‌ನಲ್ಲಿ ಅರ್ಧ ಉಳಿದರೆ ಸಾಕ್ಷಿಯ ಎದುರೇ ವಿಲೇವಾರಿ. ಎಷ್ಟು ಕೊಟ್ಟೆವು, ಎಷ್ಟು ಚೆಲ್ಲಿದೆವು ಅನ್ನುವುದನ್ನು ಬೇರೆ ಬೇರೆ ಬರೆಯುತ್ತೇವೆ.
- ಅವಧಿ ಮುಗಿದದ್ದನ್ನೂ ಬೀಗದೊಳಗೇ, ಗುರುತು ಹಾಕಿ ಬೇರೆಯಾಗಿ ಇಡುತ್ತೇವೆ. ನಿಯಮದಂತೆ ವಿಲೇವಾರಿ ಆಗುವವರೆಗೂ ಅದು ಲೆಕ್ಕದಲ್ಲೇ ಇರುತ್ತದೆ.
- ಪ್ರಿಸ್ಕ್ರಿಪ್ಷನ್ ಪ್ಯಾಡ್ ಮತ್ತು ಸೀಲ್‌ಗೂ ಬೀಗ. ಖಾಲಿ ಚೀಟಿಗೆ ಮೊದಲೇ ಸಹಿ ಹಾಕಿಡುವುದನ್ನು ನಿಲ್ಲಿಸಿದ್ದೇವೆ.

ಹೆದರಿ ಬೀರು ಖಾಲಿ ಇಟ್ಟರೆ?

"ಈ ತಲೆನೋವೇ ಬೇಡ, ತರಿಸೋದೇ ಬೇಡ" ಅನ್ನುವ ವೈದ್ಯಮಿತ್ರರಿದ್ದಾರೆ. ಅವರ ಭಯ ಅರ್ಥವಾಗುತ್ತದೆ. ಆದರೆ ಕಾನೂನು ಕೇಳುತ್ತಿರುವುದು ಅದನ್ನಲ್ಲ. 2014ರ ತಿದ್ದುಪಡಿಯ ನಂತರ ಮಾರ್ಫಿನ್ ಸೇರಿ ಆರು ಔಷಧಿಗಳನ್ನು ಅಗತ್ಯ ಮಾದಕ ಔಷಧಿಗಳೆಂದು ಗುರುತಿಸಲಾಗಿದೆ. ಹಲವು ಲೈಸೆನ್ಸ್‌ಗಳಿಗೆ ಅಲೆಯುವ ಬದಲು, ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ ಅವನ್ನು ಇಟ್ಟುಕೊಳ್ಳಬಹುದು.

ಬೀರು ಖಾಲಿ ಇದ್ದರೆ ನನಗೆ ನಿದ್ದೆ ಬರಬಹುದು. ಕ್ಯಾನ್ಸರ್ ನೋವಿನಲ್ಲಿ ಒದ್ದಾಡುವವರಿಗೆ ಬರುವುದಿಲ್ಲ. ಇಬ್ಬರೂ ನೆಮ್ಮದಿಯಾಗಿ ಮಲಗಬೇಕೆಂದರೆ ದಿನಾ ಹತ್ತು ನಿಮಿಷ ಎಣಿಸಿ ಬರೆಯುವುದು ದೊಡ್ಡ ಕೆಲಸವೇನಲ್ಲ.