ಅರಿವು-ಕ್ರಿಯೆಗಳ ಸಾಮರಸ್ಯ: ಭಾರತೀಯ ಭೌತವಿಜ್ಞಾನಚರಿತ್ರೆಯ ಮೂರು ಪ್ರಸಂಗಗಳು

ಕ್ರಿಯೆಯಿಲ್ಲದ ಅರಿವು ಫಲಕಾರಿಯಾಗದು, ಅರಿವಿಲ್ಲದ ಕ್ರಿಯೆಗೆ ದಾರಿ ಕಾಣದು ಎಂಬುದು ಶರಣಮಾರ್ಗದ ಮೂಲತತ್ತ್ವಗಳಲ್ಲೊಂದು. ಈ ತತ್ತ್ವವು ಆತ್ಮಸಾಧನೆಗೆ ಹೇಗೋ ಪ್ರಕೃತಿಯ ರಹಸ್ಯವನ್ನು ಅರಸುವ ವಿದ್ಯೆಗೂ ಹಾಗೆಯೇ ಸಲ್ಲುವುದು. ಭೌತವಿಜ್ಞಾನದಲ್ಲಿ ಅರಿವಿಗೆ ಸಿದ್ಧಾಂತವೆಂದೂ ಕ್ರಿಯೆಗೆ ಪ್ರಯೋಗವೆಂದೂ ಹೆಸರು. ಇವೆರಡೂ ಕೂಡಿದಾಗ ಏನು ಸಾಧ್ಯವಾಗುವುದು, ಅಗಲಿದಾಗ ಮಹಾಪುರುಷರಿಗೂ ಏನು ಸಂಭವಿಸುವುದು ಎಂಬುದಕ್ಕೆ ನಮ್ಮ ದೇಶದ ವಿಜ್ಞಾನಚರಿತ್ರೆಯ ಮೂರು ಪ್ರಸಂಗಗಳು ಸಾಕ್ಷಿಯಾಗಿವೆ. ಅವುಗಳಲ್ಲಿ ಒಂದು ನಕ್ಷತ್ರಗಳ ವಾಯುವನ್ನೂ, ಒಂದು ದ್ರವಗಳ ಅಣುವನ್ನೂ, ಒಂದು ಹರಳುಗಳ ಘನದ್ರವ್ಯವನ್ನೂ ಕುರಿತದ್ದು.

ಮೊದಲನೆಯ ಪ್ರಸಂಗದ ನಾಯಕರು ಮೇಘನಾದ ಸಾಹಾ ಅವರು. ೧೮೯೩ರಲ್ಲಿ ಢಾಕಾ ಪ್ರಾಂತದ ಒಂದು ಹಳ್ಳಿಯಲ್ಲಿ ಬಡ ಅಂಗಡಿಕಾರನ ಮಗನಾಗಿ ಜನಿಸಿದ ಇವರ ವಿದ್ಯಾಭ್ಯಾಸವು ಹಳ್ಳಿಯ ಶಾಲೆಯಲ್ಲಿಯೇ ನಿಂತುಹೋಗುವಂತಿತ್ತು. ಅನಂತಕುಮಾರ ದಾಸ ಎಂಬ ವೈದ್ಯರು ಬಾಲಕನಿಗೆ ತಮ್ಮ ಮನೆಯಲ್ಲಿ ಅನ್ನವಸತಿಗಳನ್ನು ಕೊಟ್ಟುದರಿಂದ ಮುಂದಿನ ಶಾಲೆಯು ಅವನಿಗೆ ದೊರಕಿತು. ಸಮಾಜವು ಕೆಳಗಿನದೆಂದು ಎಣಿಸಿದ ಕುಲದಲ್ಲಿ ಹುಟ್ಟಿದ ಕಾರಣ ಕಲಕತ್ತೆಯ ವಿದ್ಯಾರ್ಥಿನಿಲಯವೊಂದರಲ್ಲಿ ಸಹಪಂಕ್ತಿಯ ಭೋಜನಕ್ಕೆ ಇತರರು ಒಪ್ಪದಿದ್ದ ಅಪಮಾನವನ್ನೂ ಇವರು ಸಹಿಸಬೇಕಾಯಿತು. ಅಂಥವರು ತಮ್ಮ ೨೭ನೆಯ ವಯಸ್ಸಿಗೆ ಮುನ್ನವೇ ಸೂರ್ಯನಕ್ಷತ್ರಗಳ ಬೆಳಕನ್ನು ಓದುವ ಸೂತ್ರವನ್ನು ಲೋಕಕ್ಕೆ ಕೊಟ್ಟರು.

ಸೂರ್ಯನ ಬೆಳಕನ್ನು ತ್ರಿಕೋನಗಾಜಿನ ಮೂಲಕ ಹಾಯಿಸಿ ಬಿಡಿಸಿ ನೋಡಿದರೆ ವರ್ಣಪಟಲದಲ್ಲಿ ಅನೇಕ ರೇಖೆಗಳು ಕಾಣುವುವು. ಒಂದೊಂದು ಮೂಲವಸ್ತುವಿಗೂ ತನ್ನವೇ ಆದ ರೇಖೆಗಳುಂಟು. ಆದರೆ ಪ್ರಯೋಗಶಾಲೆಯಲ್ಲಿ ಪ್ರಬಲವಾದ ವಿದ್ಯುತ್ತಿನ ಕಿಡಿಯಲ್ಲಿ ಎದ್ದು ತೋರುವ ಕೆಲವು ರೇಖೆಗಳು ಸೂರ್ಯನ ಹೊರಪದರದಲ್ಲಿ ಅಷ್ಟೊಂದು ಬಲವಾಗಿರುವುದೇಕೆ ಎಂಬುದು ತಿಳಿಯದಾಗಿತ್ತು. ಸಾಹಾ ಅವರು ೧೯೨೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಉತ್ತರವಿತ್ತರು. ಅತ್ಯುಷ್ಣದಲ್ಲಿ ಪರಮಾಣುವು ತನ್ನ ಎಲೆಕ್ಟ್ರಾನನ್ನು ಕಳೆದುಕೊಳ್ಳುವುದು. ಕಳೆದುಕೊಂಡ ಪರಮಾಣುವಿನ ರೇಖೆಗಳೇ ಬೇರೆ. ಉಷ್ಣತೆಯೊಡನೆ ಒತ್ತಡವನ್ನೂ ಗಣಿಸಬೇಕು. ವಾಯುವು ತೆಳುವಾದಷ್ಟೂ ಬೇರ್ಪಟ್ಟ ಎಲೆಕ್ಟ್ರಾನು ಮರಳಿ ಜತೆಗೂಡುವುದು ದುರ್ಲಭವಾಗುವುದು. ಉಷ್ಣತೆ, ಒತ್ತಡ, ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಶಕ್ತಿ, ಇವಿಷ್ಟು ತಿಳಿದರೆ ಎಷ್ಟು ಪಾಲು ಪರಮಾಣುಗಳು ಒಡೆದಿವೆಯೆಂದು ಲೆಕ್ಕ ಹಾಕಬಹುದು. ಹೀಗೆ ಒಡೆದು ವಿದ್ಯುತ್‌ಗ್ರಸ್ತವಾದ ವಾಯುವಿಗೆ ೧೯೨೮ರಲ್ಲಿ ಅಮೆರಿಕದ ಲ್ಯಾಂಗ್‌ಮ್ಯೂರ್ ಎಂಬವರು ಪ್ಲಾಸ್ಮಾ ಎಂದು ಹೆಸರಿಟ್ಟರು.

ಸಾಹಾ ಅವರದು ಲೇಖನಿಯಿಂದ ಹುಟ್ಟಿದ ಅರಿವು. ಅದನ್ನು ಪರೀಕ್ಷಿಸುವ ದೊಡ್ಡ ಸಾಧನಗಳು ಅವರಲ್ಲಿ ಇರಲಿಲ್ಲ. ರುಬಿಡಿಯಂ ಎಂಬ ಲೋಹದ ಪರಮಾಣು ಬಹು ಸುಲಭವಾಗಿ ಒಡೆಯುವುದರಿಂದ ಅದರ ಸಹಜರೇಖೆಗಳು ಸೂರ್ಯಬಿಂಬದಲ್ಲಿ ಕಾಣದೆ, ಅದಕ್ಕಿಂತ ತಣ್ಣಗಿರುವ ಸೂರ್ಯಕಲೆಗಳಲ್ಲಿ ಕಾಣಬೇಕೆಂದು ಅವರು ಮುಂಗಂಡಿದ್ದರು. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಚಿತ್ರಗಳಲ್ಲಿ ರಸೆಲ್ ಎಂಬ ಖಗೋಳಜ್ಞರು ಅದನ್ನು ಕಂಡರು. ೧೯೨೫ರಲ್ಲಿ ಸಿಸಿಲಿಯಾ ಪೇಯ್ನ್ ಎಂಬ ವಿದುಷಿಯು ಇದೇ ಸೂತ್ರವನ್ನು ಹಿಡಿದು ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಅತ್ಯಧಿಕವೆಂಬ ನಿರ್ಣಯಕ್ಕೆ ದಾರಿಮಾಡಿದಳು. ಒಬ್ಬರ ಅರಿವಿಗೆ ಸಾಗರದಾಚೆಯ ಇನ್ನೊಬ್ಬರ ಕ್ರಿಯೆಯು ಹೀಗೆ ಒದಗಿಬಂದಿತು.

ಎರಡನೆಯ ಪ್ರಸಂಗವು ಕಲಕತ್ತೆಯ ಬೌಬಜಾರಿನಲ್ಲಿ ನಡೆದುದು. ಮಹೇಂದ್ರಲಾಲ ಸರ್ಕಾರ ಎಂಬ ವೈದ್ಯರು ೧೮೭೬ರಲ್ಲಿ ಸಾರ್ವಜನಿಕರಿಂದ ದ್ರವ್ಯವನ್ನು ಕೂಡಿಸಿ ಅಲ್ಲಿ ಒಂದು ವಿಜ್ಞಾನಸಂಘವನ್ನು ಸ್ಥಾಪಿಸಿದರು. ಅದು ಬಯಸಿದಂತೆ ಬೆಳೆಯುವುದನ್ನು ಕಾಣದೆಯೇ ಅವರು ೧೯೦೪ರಲ್ಲಿ ಕಾಲವಾದರು. ಮೂರು ವರ್ಷಗಳ ತರುವಾಯ ಸರಕಾರದ ಲೆಕ್ಕಪತ್ರ ಇಲಾಖೆಯ ತರುಣ ಅಧಿಕಾರಿಯೊಬ್ಬರು ಆ ಬಾಗಿಲನ್ನು ತಟ್ಟಿದರು. ಅವರೇ ಚಂದ್ರಶೇಖರ ವೆಂಕಟರಾಮನ್ ಅವರು. ಕಚೇರಿಗೆ ಹೋಗುವ ಮುನ್ನವೂ ಅಲ್ಲಿಂದ ಬಂದ ಮೇಲೂ ಆ ನಿರ್ಜನಮಂದಿರದಲ್ಲಿ ಪ್ರಯೋಗ ನಡೆಸುವುದು ಅವರ ನಿತ್ಯನೇಮವಾಯಿತು. ಸಂಘದ ಸಹಾಯಕ ಅಶುತೋಷ ದೇ ಅವರು ಅನೇಕ ವರ್ಷ ಅವರಿಗೆ ಬಲಗೈಯಾಗಿ ನಿಂತರು.

೧೯೨೧ರಲ್ಲಿ ವಿಲಾಯತಿಯಿಂದ ಹಡಗಿನಲ್ಲಿ ಹಿಂದಿರುಗುವಾಗ ರಾಮನ್ನರು ಸಮುದ್ರದ ನೀಲಿಯು ಆಕಾಶದ ಪ್ರತಿಬಿಂಬಮಾತ್ರವಲ್ಲವೆಂದೂ ನೀರಿನ ಅಣುಗಳೇ ಬೆಳಕನ್ನು ಚದರಿಸುವುದರಿಂದ ಉಂಟಾದುದೆಂದೂ ಪರೀಕ್ಷಿಸಿ ಕಂಡರು. ಮುಂದಿನ ಏಳು ವರ್ಷ ಅವರೂ ಅವರ ಶಿಷ್ಯರೂ ದ್ರವಗಳಲ್ಲಿ ಬೆಳಕು ಚದರುವ ಬಗೆಯನ್ನು ಬಿಡದೆ ಶೋಧಿಸಿದರು. ೧೯೨೩ರಲ್ಲಿ ರಾಮನಾಥನ್ ಎಂಬ ಶಿಷ್ಯರು ಚದರಿದ ಬೆಳಕಿನಲ್ಲಿ ಬಣ್ಣಬದಲಾದ ಮಸಕು ಅಂಶವೊಂದನ್ನು ಕಂಡರು. ಅದು ದ್ರವದ ಕಲ್ಮಷದಿಂದ ಬಂದುದೆಂಬ ಶಂಕೆಯುಂಟಾಯಿತು. ದ್ರವವನ್ನು ಮತ್ತೆ ಮತ್ತೆ ಶುದ್ಧಿಗೊಳಿಸಿದರೂ ಅದು ಮರೆಯಾಗಲಿಲ್ಲ. ೧೯೨೮ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಅವರೊಡನೆ ರಾಮನ್ನರು ಸುಮಾರು ೬೦ ದ್ರವಗಳನ್ನು ಪರೀಕ್ಷಿಸಿ ಎಲ್ಲದರಲ್ಲಿಯೂ ಅದನ್ನೇ ಕಂಡರು. ಫೆಬ್ರುವರಿ ೨೮ರಂದು ವರ್ಣಪಟಲದರ್ಶಕದಿಂದ ನೋಡಲಾಗಿ, ಒಳಹೊಕ್ಕ ಬಣ್ಣದ ಪಕ್ಕದಲ್ಲಿ ಬೇರೊಂದು ಬಣ್ಣವು ಸ್ಪಷ್ಟವಾಗಿ ಪ್ರತ್ಯೇಕವಾಗಿತ್ತು. ಬೆಳಕು ತನ್ನ ಶಕ್ತಿಯಲ್ಲಿ ಒಂದಂಶವನ್ನು ಅಣುವಿಗೆ ಕೊಟ್ಟು ಅದನ್ನು ಕಂಪಿಸುವಂತೆ ಮಾಡಿ ತಾನು ಬಣ್ಣ ಬದಲಿಸಿ ಹೊರಬರುವುದು. ಆ ಬದಲಾವಣೆಯನ್ನು ಅಳೆದರೆ ಅಣುವಿನ ಕಂಪನವೇ ತಿಳಿದುಬರುವುದು.

ಇಲ್ಲಿ ಒಂದು ಮಾತು ಗಮನಾರ್ಹವಾಗಿದೆ. ಇಂಥ ಬದಲಾವಣೆಯು ಸಂಭವನೀಯವೆಂದು ಆಸ್ಟ್ರಿಯದ ಸ್ಮೇಕಲ್ ಅವರು ೧೯೨೩ರಲ್ಲಿಯೇ ಸಿದ್ಧಾಂತದಿಂದ ಹೇಳಿದ್ದರು. ಮಾಸ್ಕೋವಿನಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಂ ಎಂಬವರೂ ಅದೇ ೧೯೨೮ರಲ್ಲಿ ಸ್ಫಟಿಕಶಿಲೆಯಲ್ಲಿ ಅದನ್ನು ಸ್ವತಂತ್ರವಾಗಿ ಕಂಡರು. ಸತ್ಯವು ಒಂದೇ ಮನೆಯ ಸ್ವತ್ತಲ್ಲ. ಆದರೆ ಅದು ಸಿದ್ಧಹಸ್ತಕ್ಕೆ ಮೊದಲು ಒಲಿಯುವುದು. ಈ ಶೋಧವನ್ನು ಕುರಿತು ರಾಮನ್ನರು ೧೯೨೮ರ ಮಾರ್ಚ್ ೧೬ರಂದು ಪ್ರಸಿದ್ಧ ಉಪನ್ಯಾಸವನ್ನು ಕೊಟ್ಟುದು ಬೆಂಗಳೂರಿನಲ್ಲಿ ಎಂಬುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ. ೧೯೩೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಮೂರನೆಯ ಪ್ರಸಂಗವು ಬೆಂಗಳೂರಿನದೇ. ಜೆಮ್‌ಷೇಟ್‌ಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಸಂಸ್ಥಾನವು ಕೊಟ್ಟ ೩೭೧ ಎಕರೆ ಭೂಮಿಯಿಂದಲೂ ೧೯೦೯ರಲ್ಲಿ ಸ್ಥಾಪಿತವಾದ ವಿಜ್ಞಾನಮಂದಿರಕ್ಕೆ ೧೯೩೩ರಲ್ಲಿ ರಾಮನ್ನರು ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದರು. ಜರ್ಮನಿಯಲ್ಲಿ ಹಿಟ್ಲರನ ಆಡಳಿತದಿಂದ ಸ್ಥಾನಭ್ರಷ್ಟರಾಗಿದ್ದ ಮಹಾಸಿದ್ಧಾಂತಿ ಮ್ಯಾಕ್ಸ್ ಬಾರ್ನ್ ಅವರನ್ನು ಕೆಲವು ತಿಂಗಳು ಇಲ್ಲಿಗೆ ಬರಮಾಡಿಕೊಂಡು, ಅವರಿಗೆ ಸ್ಥಿರಪೀಠವನ್ನು ಕೊಡಿಸಲೂ ರಾಮನ್ನರು ಯತ್ನಿಸಿದರು, ಅದು ಕೈಗೂಡಲಿಲ್ಲ. ಕೆಲವೇ ವರ್ಷಗಳಲ್ಲಿ ಇವರಿಬ್ಬರಿಗೂ ಹರಳುಗಳ ವಿಷಯದಲ್ಲಿ ವಾದವು ಹುಟ್ಟಿತು. ಹರಳಿನ ಪರಮಾಣುಗಳ ಕಂಪನಗಳು ಅಲೆಗಳಾಗಿ ಅವಿಚ್ಛಿನ್ನವಾಗಿ ಹರಡಿರುವುವೆಂದು ಬಾರ್ನರ ಮತ. ವಜ್ರದಲ್ಲಿ ಕಂಡ ತೀಕ್ಷ್ಣರೇಖೆಗಳನ್ನು ಆಧರಿಸಿ, ಕೆಲವೇ ನಿಯತ ಕಂಪನಗಳು ಮುಖ್ಯವೆಂದು ರಾಮನ್ನರ ಮತ. ರಾಮನ್ನರ ಬಳಗದ ಕಣ್ಣು ಕಂಡುದು ಸುಳ್ಳಾಗಿರಲಿಲ್ಲ. ಆದರೆ ಅದಕ್ಕೆ ಕೊಟ್ಟ ಅರ್ಥವು ನಿಲ್ಲಲಿಲ್ಲ. ಅಂಥ ತೀಕ್ಷ್ಣತೆಯು ಬಾರ್ನರ ಸಿದ್ಧಾಂತದಿಂದಲೇ ಬರತಕ್ಕುದೆಂದು ಗಣಿತವು ತೋರಿಸಿತು. ೧೯೫೦ರ ದಶಕದಲ್ಲಿ ಕೆನಡಾದ ಬ್ರಾಕ್‌ಹೌಸ್ ಅವರು ನ್ಯೂಟ್ರಾನ್ ಕಣಗಳನ್ನು ಹರಳಿಗೆ ಹಾಯಿಸಿ ಕಂಪನದ ಅಲೆಗಳನ್ನು ನೇರವಾಗಿ ಅಳೆದಾಗ ನಿರ್ಣಯವು ಬಾರ್ನರ ಕಡೆಗಾಯಿತು. ಆ ವಿಧಾನಕ್ಕಾಗಿ ೧೯೯೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು. ೧೯೭೦ರಲ್ಲಿ ದೈವಾಧೀನರಾದ ರಾಮನ್ನರು ತಮ್ಮ ಮತವನ್ನು ಬಿಟ್ಟುಕೊಡಲಿಲ್ಲ.

ಇದನ್ನು ಹೇಳುವುದರಿಂದ ರಾಮನ್ನರ ಹಿರಿಮೆಗೆ ಕುಂದಿಲ್ಲ. ೧೯೨೮ರಲ್ಲಿ ಅವರನ್ನು ಗೆಲ್ಲಿಸಿದ ನಿಯಮವೇ ಮುಂದೆ ಅವರ ಮತವನ್ನು ತಳ್ಳಿತು. ಆ ನಿಯಮದ ಮುಂದೆ ಬಡವನ ಮಗನ ಲೆಕ್ಕಕ್ಕೂ ಲೋಕಮಾನ್ಯನ ಮಾತಿಗೂ ಒಂದೇ ಒರೆಗಲ್ಲು. ಅರಿವನ್ನೇ ಗುರುವೆಂದು ನಂಬಿದ ಪರಂಪರೆಯವರಿಗೆ ಇದು ಹೊಸ ಮಾತೂ ಅಲ್ಲ, ಕಟು ಮಾತೂ ಅಲ್ಲ.

ಕಡೆಗೆ ಮತ್ತೊಂದು ಸಂಗತಿಯನ್ನು ಭಕ್ತರು ನೆನೆಯತಕ್ಕದ್ದು. ಈ ಮೂರು ಪ್ರಸಂಗಗಳ ಹಿಂದೆಯೂ ಯಾರೋ ನೀಡಿದ ಕೈಯಿದೆ: ಬಾಲಕನಿಗೆ ಅನ್ನವಿಟ್ಟ ವೈದ್ಯ, ಫಲವನ್ನು ಕಾಣದೆ ಮಂದಿರ ಕಟ್ಟಿಸಿದ ಮಹೇಂದ್ರಲಾಲ, ಭೂಮಿಯಿತ್ತ ಸಂಸ್ಥಾನ. ಇವರಾರೂ ಪ್ಲಾಸ್ಮಾವನ್ನಾಗಲಿ ಅಣುವಿನ ಕಂಪನವನ್ನಾಗಲಿ ಮುಂಗಂಡು ಕೊಟ್ಟವರಲ್ಲ. ದಾಸೋಹವು ಫಲವನ್ನು ಎಣಿಸದು. ಕನ್ನಡನಾಡಿನ ಮಠಗಳ ಪ್ರಸಾದನಿಲಯಗಳಲ್ಲಿ ಕುಲವನ್ನು ಕೇಳದೆ ಬಡಿಸುವ ತುತ್ತು ಯಾವ ಬಾಲಕನಲ್ಲಿ, ಯಾವ ಬಾಲಕಿಯಲ್ಲಿ, ಯಾವ ಅರಿವಾಗಿ ಬೆಳಗುವುದೆಂಬುದನ್ನು ಬಲ್ಲವರಾರು? ಈ ಮಹೋತ್ಸವದ ಸುಸಂದರ್ಭದಲ್ಲಿ ಶ್ರೀಮಠದ ಅನ್ನದಾಸೋಹವೂ ಜ್ಞಾನದಾಸೋಹವೂ ಒಂದನ್ನೊಂದು ಅಗಲದೆ ಚಿರಕಾಲ ನಡೆಯಲಿ.