ಬೋಪಾಲಿನ ಅಂಗಳದಲ್ಲಿ ಗುಲಾಬಿಯ ವಂಶಾವಳಿ

ನಮ್ಮ ಬೋಪಾಲು ಮಧ್ಯಪ್ರದೇಶದ ರಾಜಧಾನಿಯಾದ ಭೋಪಾಲವಲ್ಲ. ಅಹಮದಾಬಾದಿನ ಪಶ್ಚಿಮ ಮಗ್ಗುಲಿನಲ್ಲಿದ್ದ ಒಂದು ಹಳ್ಳಿ. 2020ರಲ್ಲಿ ಮಹಾನಗರಪಾಲಿಕೆಗೆ ಸೇರಿ ಈಗ ನಗರದ ಒಂದು ಅಂಗವೇ ಆಗಿದೆ. ಇಲ್ಲಿ ನೆಲೆಸಿದ ಕನ್ನಡಿಗರಲ್ಲಿ ಮನೆಯ ಮುಂದೆ ನಾಲ್ಕು ಮೊಳ ಜಾಗ ದೊರೆತವರಿಗೆ ತುಳಸಿಯ ಮಗ್ಗುಲಿಗೆ ಒಂದು ಗುಲಾಬಿ ಬೇಕೆನಿಸುವುದು ಸಹಜ. ಅದರಲ್ಲಿಯೂ ಆಳೆತ್ತರಕ್ಕೆ ಬೆಳೆದು, ನೀಳವಾದ ಕಡ್ಡಿಯ ತುದಿಯಲ್ಲಿ ದೊಡ್ಡದೊಂದು ಹೂವನ್ನು ಹೊತ್ತು ಪರಿಮಳ ಬೀರುವ ನಸುಗೆಂಪು ಗುಲಾಬಿಯೆಂದರೆ ಯಾರಿಗೆ ಪ್ರಿಯವಲ್ಲ? ತೋಟಗಾರಿಕೆ ಬಲ್ಲವರು ಇದನ್ನು ‘ಹೈಬ್ರಿಡ್ ಟೀ’ ಎಂಬ ವರ್ಗಕ್ಕೆ ಸೇರಿಸುತ್ತಾರೆ. ಹೆಸರು ಇಂಗ್ಲಿಷು, ರೂಪು ವಿಲಾಯತಿ. ಆದುದರಿಂದ ‘ಇದು ಚಳಿದೇಶದ ಹೂ, ಗುಜರಾತಿನ ಬಿಸಿಲಿಗೆ ಬಾಳದು’ ಎಂದು ಹೇಳುವವರೂ ಉಂಟು. ವೈಶಾಖದಲ್ಲಿ ಗಿಡ ಬಾಡಿ ನಿಂತಾಗ ಆ ಮಾತು ನಿಜವೆಂದೇ ತೋರುತ್ತದೆ. ಆದರೆ ಈ ಹೂವಿನ ಚರಿತ್ರೆಯನ್ನು ತುಸು ಕೆದಕಿ ನೋಡಿದರೆ, ಅದು ಪೂರ್ತಿಯಾಗಿ ಪರದೇಶಿಯೂ ಅಲ್ಲ, ಅದನ್ನು ಬದುಕಿಸುವ ಉಪಾಯವೂ ಆ ಚರಿತ್ರೆಯಲ್ಲಿಯೇ ಅಡಗಿದೆ ಎಂಬುದು ತಿಳಿದುಬರುತ್ತದೆ.

ಮೊದಲು ಹೆಸರನ್ನೇ ನೋಡೋಣ. ಪಾರಸಿಯಲ್ಲಿ ‘ಗುಲ್’ ಎಂದರೆ ಹೂ, ‘ಆಬ್’ ಎಂದರೆ ನೀರು. ಹೂವಿನಿಂದ ಇಳಿಸಿದ ಪನ್ನೀರಿನ ಹೆಸರೇ ನಮ್ಮಲ್ಲಿ ಹೂವಿಗೆ ನಿಂತಿತು. ಕನ್ನಡನಾಡಿನಲ್ಲಿಯೂ ಪರಿಮಳದ ಗುಲಾಬಿಗೆ ‘ಪನ್ನೀರು ಗುಲಾಬಿ’ ಎನ್ನುವ ರೂಢಿಯಿದೆಯಲ್ಲವೆ? ಹೀಗೆ ನಮ್ಮ ಪೂರ್ವಿಕರು ಗುಲಾಬಿಯನ್ನು ಮೆಚ್ಚಿದುದು ಕಣ್ಣಿಗಿಂತ ಹೆಚ್ಚಾಗಿ ಮೂಗಿನಿಂದ.

ನಮ್ಮ ಬೋಪಾಲಿಗೆ ಅನತಿದೂರದಲ್ಲಿರುವ ಸರಖೇಜಿನ ಬಳಿ 1584ರಲ್ಲಿ ಅಬ್ದುರ್ರಹೀಮ ಖಾನನು ಗುಜರಾತಿನ ಸುಲ್ತಾನ ಮುಜಫ್ಫರನನ್ನು ಸೋಲಿಸಿದನು. ಆ ಗೆಲವಿನ ನೆನಪಿಗಾಗಿ ಅಲ್ಲಿ ‘ಫತೇಬಾಗ್’ ಎಂಬ ತೋಟವನ್ನು ಮಾಡಿಸಿದನು. 1618ರಲ್ಲಿ ಜಹಾಂಗೀರ ಬಾದಶಹನು ಅಹಮದಾಬಾದಿನಲ್ಲಿ ತಂಗಿದ್ದಾಗ ಈ ತೋಟದ ಕೆಂಪು ಗುಲಾಬಿಗಳನ್ನು ನೋಡಲೆಂದು ಹೋದುದನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಈ ಸೀಮೆಯಲ್ಲಿ ಆ ಹೂ ವಿರಳ, ಒಂದೇ ಕಡೆ ಅಷ್ಟೊಂದು ಕಂಡು ಸಂತೋಷವಾಯಿತು ಎಂಬುದು ಆತನ ಅಭಿಪ್ರಾಯ. ಇದೇ ಊರಿನ ಧೂಳನ್ನೂ ಬೇಗೆಯನ್ನೂ ಸಹಿಸಲಾರದೆ ಇದನ್ನು ‘ಗರ್ದಾಬಾದ್’, ಅಂದರೆ ಧೂಳಿನೂರು, ಎಂದು ಹಳಿದವನೂ ಆತನೇ. ಅಂಥವನ ಕಣ್ಣಿಗೂ ಇಲ್ಲಿಯ ಗುಲಾಬಿ ಹಿತವಾಗಿ ಕಂಡಿತೆಂದ ಮೇಲೆ, ಈ ಮಣ್ಣಿನಲ್ಲಿ ಗುಲಾಬಿ ಬಾರದೆನ್ನುವುದು ಹೇಗೆ?

ಕನ್ನಡನಾಡಿನಲ್ಲಿಯೂ ಗುಲಾಬಿಗೆ ಹಳೆಯ ಸಾಕ್ಷಿಗಳಿವೆ. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ನನು ಹೈದರ್ ಮತ್ತು ಟಿಪ್ಪುವಿನ ತೋಟಗಳನ್ನು ಕಂಡು, ಒಂದೊಂದು ಬಗೆಯ ಗಿಡಕ್ಕೂ ಒಂದೊಂದು ಚೌಕ ಮೀಸಲಾಗಿದ್ದುದನ್ನೂ, ಒಂದು ಚೌಕದ ತುಂಬ ಗುಲಾಬಿಯೇ ಇದ್ದುದನ್ನೂ ಬರೆದಿಟ್ಟಿದ್ದಾನೆ.

ಆದರೆ ಪರಿಮಳಕ್ಕೆ ಹೆಸರಾದ ಪಶ್ಚಿಮ ಏಷ್ಯದ ಹಳೆಯ ಗುಲಾಬಿಗಳಲ್ಲಿ ಬಹುಪಾಲು ವರ್ಷಕ್ಕೊಮ್ಮೆ ಹೂಬಿಟ್ಟು ಸುಮ್ಮನಾಗುವಂಥವು. ಯೂರೋಪಿನ ಸ್ಥಿತಿಯೂ ಅದೇ. ತಿಂಗಳು ತಿಂಗಳೂ ಹೂಬಿಡುವ ಗುಣವಿದ್ದುದು ಚೀನದ ಗುಲಾಬಿಗೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವ್ಯಾಪಾರದ ಹಾದಿಯಲ್ಲಿ ಅದು ಪಶ್ಚಿಮಕ್ಕೆ ಪಯಣಮಾಡಿತು. ಆ ಹಾದಿಯಲ್ಲಿ ಕಲಕತ್ತೆಯೂ ಒಂದು ತಂಗುದಾಣ. ಆದುದರಿಂದ ಫ್ರೆಂಚರು ಅದನ್ನು ‘ಬಂಗಾಳದ ಗುಲಾಬಿ’ ಎಂದರು. ಸಸ್ಯಶಾಸ್ತ್ರದ ಗ್ರಂಥಗಳಲ್ಲಿ ‘ರೋಸಾ ಇಂಡಿಕಾ’ ಎಂಬ ಹೆಸರೂ ಬಹುಕಾಲ ನಡೆಯಿತು. ತಾಯಿ ಚೀನ, ಹೆಸರು ಹಿಂದೂಸ್ಥಾನದ್ದು! ಸುಮಾರು 1792ರಿಂದ 1824ರವರೆಗೆ ಇಂಗ್ಲೆಂಡಿಗೆ ಬಂದಿಳಿದ ಇಂಥ ನಾಲ್ಕು ಗುಲಾಬಿಗಳನ್ನು ಇಂದಿನ ಗುಲಾಬಿಗಳ ಮೂಲಮಾತೆಯರೆಂದು ಬಲ್ಲವರು ಎಣಿಸುತ್ತಾರೆ. ಅವುಗಳಲ್ಲಿ ಎರಡಕ್ಕೆ ಚಹದ ಎಲೆಯ ಕಂಪನ್ನು ಹೋಲುವ ವಾಸನೆಯಿತ್ತಂತೆ. ‘ಟೀ’ ಎಂಬ ಹೆಸರು ಬಂದುದು ಅಲ್ಲಿಂದ.

ಇನ್ನೊಂದು ಘಟನೆ ನಡೆದುದು ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಲ್ಲಿ. ಅಲ್ಲಿಯ ರೈತರು ಹೊಲದ ಬೇಲಿಗೆ ಚೀನದ ಗುಲಾಬಿಯನ್ನೂ ಡಮಾಸ್ಕದ ಗುಲಾಬಿಯನ್ನೂ ಸಾಲಾಗಿ ನೆಡುತ್ತಿದ್ದರು. 1817ರಲ್ಲಿ ಅಲ್ಲಿಗೆ ಬಂದ ಬ್ರೆಯೋನ್ ಎಂಬ ಸಸ್ಯಶಾಸ್ತ್ರಜ್ಞನಿಗೆ ಎರಡನ್ನೂ ಹೋಲುವ ಹೊಸದೊಂದು ಗಿಡ ಕಣ್ಣಿಗೆ ಬಿತ್ತು. ಅದರ ಬೀಜ ಪ್ಯಾರಿಸ್ಸಿಗೆ ಹೋಗಿ ಬೂರ್ಬೋನ್ ವಂಶ ಹುಟ್ಟಿತು. ಅದೇ ಬಳಗದ ‘ಎಡ್ವರ್ಡ್ ಗುಲಾಬಿ’ ನಮ್ಮ ದೇಶದಲ್ಲಿ ಹಾರಕ್ಕೆ ಹೂವಾಗಿ, ಕಸಿಗೆ ಬೇರಾಗಿ ಇಂದಿಗೂ ಬಾಳುತ್ತಿದೆ.

ಈ ಎರಡು ಕುಲಗಳ ಮಿಲನವನ್ನು ಪೂರ್ಣಗೊಳಿಸಿದವರು ಹತ್ತೊಂಬತ್ತನೆಯ ಶತಮಾನದ ತೋಟಿಗರು. 1867ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಗಿಯೋ ಎಂಬಾತನು ‘ಲಾ ಫ್ರಾನ್ಸ್’ ಎಂಬ ಹೊಸ ಗುಲಾಬಿಯನ್ನು ಹೊರತಂದನು. ಬೆಳ್ಳಿಯ ಹೊಳಪಿನ ನಸುಗೆಂಪು ಬಣ್ಣ, ತುಂಬು ಪರಿಮಳ. ಹೈಬ್ರಿಡ್ ಟೀ ವರ್ಗದ ಆದಿ ಇದೇ ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಇಂಗ್ಲೆಂಡಿನ ಹೆನ್ರಿ ಬೆನೆಟ್ ಎಂಬ ರೈತನು ದನಗಳ ತಳಿಯನ್ನು ಉತ್ತಮಪಡಿಸುವ ಕ್ರಮವನ್ನೇ ಗುಲಾಬಿಗೂ ಅನ್ವಯಿಸಿ, ತಂದೆತಾಯಿಗಳನ್ನು ಆರಿಸಿ ಕೂಡಿಸಿ, 1879ರಲ್ಲಿ ಹತ್ತು ಹೊಸ ತಳಿಗಳನ್ನು ಮುಂದಿಟ್ಟನು. 1893ರಲ್ಲಿ ಇಂಗ್ಲೆಂಡಿನ ಗುಲಾಬಿ ಸಂಘವು ಈ ವರ್ಗಕ್ಕೆ ಮನ್ನಣೆಯಿತ್ತಿತು.

ಅನಂತರದ ಕಾಲದಲ್ಲಿ ಎತ್ತರದ ನಸುಗೆಂಪು ಗುಲಾಬಿಗಳಿಗೆ ಅಮೆರಿಕದ ಕ್ಯಾಲಿಫೋರ್ನಿಯ ತವರಾಯಿತು. 1954ರ ‘ಕ್ವೀನ್ ಎಲಿಜಬೆತ್’ ಎತ್ತರದಲ್ಲಿ ರಾಣಿಯೇ ಸರಿ. ಆದರೆ ಪರಿಮಳ ಅಲ್ಪ, ವರ್ಗವೂ ಬೇರೆ. 1963ರ ‘ಐಫೆಲ್ ಟವರ್’ ಎತ್ತರಕ್ಕೆ ತಕ್ಕ ಹೆಸರು ಪಡೆದುದಲ್ಲದೆ ಪರಿಮಳವನ್ನೂ ಹೊತ್ತು ತಂದಿತು. ನಮ್ಮ ದೇಶದಲ್ಲಿ ಈ ಕಾರ್ಯಕ್ಕೆ ನಿಂತವರಲ್ಲಿ ಡಾ. ಬಿ. ಪಿ. ಪಾಲ್ ಅಗ್ರಗಣ್ಯರು. ಗೋಧಿಯ ಸಂಶೋಧನೆಯಲ್ಲಿ ಕೀರ್ತಿ ಪಡೆದು, 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದ ಇವರು ಬಿಡುವಿನ ವೇಳೆಯನ್ನು ಗುಲಾಬಿಗೆ ಮುಡಿಪಾಗಿಟ್ಟರು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಿಂದ 1980ರಲ್ಲಿ ಬಂದ ಸುವಾಸನೆಯ ನಸುಗೆಂಪು ಗುಲಾಬಿಗೆ ‘ನೂರ್‌ಜಹಾನ್’ ಎಂದು ಹೆಸರಿಟ್ಟರು. ಗುಲಾಬಿಯ ಅತ್ತರನ್ನು ಕಂಡುಹಿಡಿದ ಕೀರ್ತಿಯನ್ನು ಜಹಾಂಗೀರನು ಕೊಟ್ಟುದು ಈ ರಾಣಿಯ ತಾಯಿಗೇ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ವಂಶಾವಳಿಯಿಂದ ನಮ್ಮ ಅಂಗಳಕ್ಕೇನು ಪ್ರಯೋಜನ? ಚೀನದ ರಕ್ತವಿರುವುದರಿಂದ ಈ ಗಿಡ ನಿದ್ರೆಯನ್ನರಿಯದು. ಬೆಂಗಳೂರಿನ ಸಮಶೀತೋಷ್ಣದಲ್ಲಿ ವರ್ಷವಿಡೀ ಹೂಬಿಡುವುದನ್ನು ಕಂಡವರು ಇಲ್ಲಿಯೂ ಅದನ್ನೇ ಅಪೇಕ್ಷಿಸಿ ನಿರಾಶರಾಗುತ್ತಾರೆ. 2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣತೆ 48 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಇಂಥ ಊರಿನಲ್ಲಿ ಹೂವಿನ ಸುಗ್ಗಿ ನವೆಂಬರಿನಿಂದ ಮಾರ್ಚಿಯವರೆಗೆ ಮಾತ್ರ. ಮಳೆಗಾಲ ಹಿಂದಾದ ಮೇಲೆ, ಅಕ್ಟೋಬರಿನ ಮೊದಲ ಪಕ್ಷದಲ್ಲಿ ಗಿಡವನ್ನು ಸವರಬೇಕು. ಎತ್ತರವೇ ಇದರ ಸ್ವಭಾವವಾದುದರಿಂದ ಬುಡಮಟ್ಟ ಕತ್ತರಿಸಲಾಗದು. ಅರ್ಧದಷ್ಟು ಉಳಿಸಿ, ಒಣಗಿದ ಹಾಗೂ ಸಣಕಲು ಕಡ್ಡಿಗಳನ್ನು ತೆಗೆದರೆ ಸಾಕು. ರಾಜ್ಯೋತ್ಸವದ ಹೊತ್ತಿಗೆ ತಾಮ್ರವರ್ಣದ ಚಿಗುರು ಕಾಣುತ್ತದೆ. ಆ ತಿಂಗಳ ಕೊನೆಗೆ ಹೂ. ಬೇಸಗೆಯಲ್ಲಿ ಹೂವಿನಾಸೆ ಬಿಟ್ಟು ಗಿಡದ ಪ್ರಾಣವುಳಿಸುವುದೇ ಗುರಿಯಾಗಿರಲಿ: ಬುಡಕ್ಕೆ ಒಣ ಎಲೆಯ ಹೊದಿಕೆ, ಬೆಳಗಿನ ಹೊತ್ತು ನೀರು, ಮಧ್ಯಾಹ್ನ ತುಸು ನೆರಳು. ಕೊಳವೆಬಾವಿಯ ಗಡಸು ನೀರಿನಿಂದ ಮಣ್ಣು ಕ್ಷಾರವಾದಲ್ಲಿ ಎಳೆಯ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಅದು ಕಬ್ಬಿಣದ ಅಂಶ ಬೇರಿಗೆ ದಕ್ಕುತ್ತಿಲ್ಲವೆಂಬುದರ ಗುರುತು. ಕೊಟ್ಟಿಗೆ ಗೊಬ್ಬರವೂ ಶೇಖರಿಸಿದ ಮಳೆನೀರೂ ಇದಕ್ಕೆ ಒಳ್ಳೆಯವು.

ಎಲ್ಲಕ್ಕಿಂತ ಮುಖ್ಯವಾದುದು ಕಸಿಯ ಗಂಟು. ಮೇಲಿನ ಹೂ ಯಾವ ದೇಶದ್ದೇ ಇರಲಿ, ಕೆಳಗಿನ ಬೇರು ಇಲ್ಲಿಯ ಮಣ್ಣಿಗೊಗ್ಗಿದ ಗಟ್ಟಿ ಗಿಡದ್ದು. ಆ ಬೇರಿಲ್ಲದಿದ್ದರೆ ಮೇಲಿನ ಕುಡಿ ಒಂದು ಬೇಸಗೆಯನ್ನೂ ಕಳೆಯಲಾರದು. ಆದರೆ ಗಂಟಿನ ಕೆಳಗಿನಿಂದ ಏಳುವ ಚಿಗುರನ್ನು ಆಗಾಗ್ಗೆ ಬುಡಸಹಿತ ಕೀಳದಿದ್ದರೆ, ಎರಡು ವರ್ಷಗಳಲ್ಲಿ ಅದೇ ಗಿಡವಾಗಿ, ನಾವು ನೆಟ್ಟ ಗುಲಾಬಿ ಸದ್ದಿಲ್ಲದೆ ಮಾಯವಾಗುತ್ತದೆ. ತಪ್ಪು ಬೇರಿನದಲ್ಲ, ಗಮನವಿಡದ ತೋಟಿಗನದು.

ಹೊರನಾಡಿನಲ್ಲಿ ನೆಲೆನಿಂತ ನಮಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಗುಜರಾತು ನಮಗೆ ಅನ್ನ ಕೊಟ್ಟಿತು, ನೆರೆಹೊರೆ ಕೊಟ್ಟಿತು. ನಮ್ಮ ಮಕ್ಕಳು ಬೀದಿಯಲ್ಲಿ ಗುಜರಾತಿಯನ್ನು ನಿರರ್ಗಳವಾಗಿ ಆಡುವುದು ಸಂತೋಷದ ವಿಷಯವೇ. ಮನೆಯೊಳಗಿನ ಕನ್ನಡದ ಕುಡಿಗೆ ನೀರೆರೆಯುವ ಹೊಣೆ ಮಾತ್ರ ನಮ್ಮದು, ನೆಲದ್ದಲ್ಲ. ಈ ಅಕ್ಟೋಬರಿನಲ್ಲಿ ಸವರಿದ ಗಿಡಗಳು ಈಗ ಚಿಗುರುತ್ತಿವೆ. ಕಸಿಯ ಗಂಟಿನ ಕೆಳಗೊಮ್ಮೆ ಬಗ್ಗಿ ನೋಡಿ.