ಸಿಡಿಲು, ಮಳೆ ಮತ್ತು ಅಕ್ಷರ: ನಮ್ಮೂರಿನ ಗಣಕಯಂತ್ರಗಳ ರಿಪೇರಿಯ ಚರಿತ್ರೆ



ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ ಎಂದು ತಿಳಿದುಕೊಂಡವರೇ ಹೆಚ್ಚು. ಒಂದು ಊರಿನಲ್ಲಿ ಯಾವ ಯಂತ್ರ ಯಾವಾಗ ಬಂತು, ಅದು ಏಕೆ ಕೆಟ್ಟಿತು, ಕೆಟ್ಟುದನ್ನು ಜನ ಹೇಗೆ ಸರಿಪಡಿಸಿಕೊಂಡರು ಎಂಬುದೂ ಚರಿತ್ರೆಯೇ ಆಗಿದೆ. ನೇಗಿಲಿನ ಚರಿತ್ರೆಯನ್ನು ಬರೆದವರಿದ್ದಾರೆ, ಏತದ ಚರಿತ್ರೆಯನ್ನು ಬರೆದವರಿದ್ದಾರೆ. ಪಂಜ ಸೀಮೆಯ ಮನೆಗಳಿಗೆ ಗಣಕಯಂತ್ರ ಬಂದು ಕಾಲು ಶತಮಾನವಾಗುತ್ತ ಬಂದಿರುವುದರಿಂದ ಅದರ ಕಷ್ಟಸುಖಗಳನ್ನೂ ಬರೆದಿಡುವುದು ಯುಕ್ತವೆಂದು ನನಗೆ ತೋರಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಇದೇ ವಿದ್ಯೆಯಲ್ಲಿ ಪ್ರವೀಣರಾಗಿದ್ದೀರಿ. ನಿಮಗೆ ಇದರಲ್ಲಿ ಹೊಸತು ಕಡಿಮೆ ಇರಬಹುದು. ಆದರೆ ಊರಿನ ಸಿಡಿಲೂ ಮಳೆಯೂ ಈ ಕಥೆಯಲ್ಲಿ ಪಾತ್ರಧಾರಿಗಳಾಗಿರುವುದರಿಂದ ನಿಮ್ಮ ಪಠ್ಯಪುಸ್ತಕಗಳಲ್ಲಿ ಇದು ಸಿಕ್ಕಲಾರದು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅದು ಮಹಾನಗರಗಳ ಮಾತು. ಸುಳ್ಯ, ಪುತ್ತೂರು ಕಡೆಯ ಅಡಿಕೆ ತೋಟಗಳ ನಡುವಣ ಮನೆಗಳಿಗೆ ಗಣಕಯಂತ್ರವು ಬಂದುದು ಹೆಚ್ಚಾಗಿ 2000ದ ಆಚೀಚೆಗೆ, ಅದೂ ಕಾಲೇಜಿಗೆ ಹೋಗುವ ಮಕ್ಕಳ ಕಾರಣದಿಂದ. ಸರಕಾರಿ ಪ್ರೌಢಶಾಲೆಗಳಿಗೂ ‘ಮಾಹಿತಿ ಸಿಂಧು’ ಯೋಜನೆಯ ಮೂಲಕ ಸುಮಾರಾಗಿ ಅದೇ ಕಾಲದಲ್ಲಿ ಗಣಕಯಂತ್ರಗಳು ಬರತೊಡಗಿದವು. ಯಂತ್ರ ಬಂತು, ಆದರೆ ಅದರ ವೈದ್ಯ ಬರಲಿಲ್ಲ. ವೈದ್ಯ ಬೇಕಾದರೆ ಸುಳ್ಯಕ್ಕೋ ಪುತ್ತೂರಿಗೋ ಡಬ್ಬವನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಬೇಕಾಗಿತ್ತು. ಆದುದರಿಂದ ಮನೆಮದ್ದೇ ಮೊದಲ ಮದ್ದಾಯಿತು.

ನಮ್ಮ ಕಡೆಯ ಗಣಕಯಂತ್ರಕ್ಕೆ ಮೊದಲ ಶತ್ರು ಸಿಡಿಲು. ಘಟ್ಟದ ಬುಡದ ಈ ಊರುಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ ಗುಡುಗು ಕಡಿಮೆ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ, ಮಧ್ಯಾಹ್ನ ಕಳೆದ ಮೇಲೆ ಅದರ ಅಬ್ಬರ. ಆಗಿನ ಅಂತರಜಾಲ ಸಂಪರ್ಕ ದೂರವಾಣಿಯ ತಂತಿಯಲ್ಲಿ ಬರುತ್ತಿತ್ತು. ತಂತಿಯೋ ಗುಡ್ಡ ಹತ್ತಿ, ತೋಡು ದಾಟಿ, ಕಂಬದಿಂದ ಕಂಬಕ್ಕೆ ಹರಿದು ಬರುವಂಥದು. ಸಿಡಿಲು ನೇರವಾಗಿ ಮನೆಗೆ ಬಡಿಯಬೇಕೆಂದಿಲ್ಲ. ದೂರದಲ್ಲಿ ಬಡಿದರೂ ತಂತಿಯಲ್ಲಿ ಕ್ಷಣಕಾಲ ಹೆಚ್ಚಿನ ವಿದ್ಯುತ್ತು ಹುಟ್ಟುತ್ತದೆ. ಅದು ಮೋಡೆಮ್ಮಿಗೆ ನುಗ್ಗಿ, ಅಲ್ಲಿಂದ ಮದರ್‌ಬೋರ್ಡಿಗೆ ಇಳಿಯುತ್ತದೆ.

ಆ ಕಾಲದಲ್ಲಿ ನನ್ನನ್ನು ಕಂಡವರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಮಾಷ್ಟ್ರೇ, ಯುಪಿಎಸ್ ಇದ್ದೂ ಮೋಡೆಮ್ ಹೇಗೆ ಸುಟ್ಟಿತು?” ಉತ್ತರ ಸರಳ. ಯುಪಿಎಸ್ ಕಾಯುತ್ತಿದ್ದುದು ವಿದ್ಯುತ್ತಿನ ಬಾಗಿಲನ್ನು ಮಾತ್ರ. ಕಳ್ಳ ಬಂದುದು ದೂರವಾಣಿಯ ಬಾಗಿಲಿನಿಂದ. ಎರಡೂ ತಂತಿಗಳನ್ನು ಕಿತ್ತಿಡುವುದೊಂದೇ ನಿಜವಾದ ರಕ್ಷೆ. ಮೋಡ ಕಪ್ಪಾದೊಡನೆ ಅಂಗಳದ ಅಡಿಕೆ ಒಳತರುವ ಹಾಗೆಯೇ ಪ್ಲಗ್ಗು ಕೀಳುವುದೂ ನಮ್ಮ ಮನೆಗಳಲ್ಲಿ ಒಂದು ವಾಡಿಕೆಯಾಯಿತು. ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ, ಬೇಸಿಗೆಯಲ್ಲಿ ನೀರೆರೆಯುವ ರೂಢಿಯನ್ನು ಜನ ಪುನಃ ನೆನಪಿಸಿಕೊಂಡರು. ಇಂದು ಬಹಳ ಮನೆಗಳಿಗೆ ಗಾಜಿನ ಎಳೆಯ ಕೇಬಲ್ಲು ಬಂದಿದೆ. ಗಾಜಿನಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ತು ಹರಿಯದು. ಆದರೂ ಅದರ ತುದಿಯ ಪೆಟ್ಟಿಗೆ ಗೋಡೆಯ ವಿದ್ಯುತ್ತನ್ನೇ ನಂಬಿದೆ. ಆದುದರಿಂದ ಹಳೆಯ ವಾಡಿಕೆಯನ್ನು ಬಿಡಬೇಡಿರೆಂದು ಊರಿನಲ್ಲಿರುವ ಬಂಧುಗಳಿಗೆ ನನ್ನ ವಿನಂತಿ.

ಎರಡನೆಯ ಶತ್ರು ತೇವ. ಆಟಿ ತಿಂಗಳಲ್ಲಿ ಹಪ್ಪಳ, ಪುಸ್ತಕ, ಚಪ್ಪಲಿ ಎಲ್ಲಕ್ಕೂ ಬೂಸ್ಟು ಬರುವ ಊರಿನಲ್ಲಿ ಯಂತ್ರಕ್ಕೆ ಮಾತ್ರ ರಿಯಾಯಿತಿ ಸಿಕ್ಕೀತೇ? ಗುಂಡಿ ಒತ್ತಿದರೆ ಪಂಖ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು, ಜತೆಗೆ ಉದ್ದನೆಯ ಬೀಪ್ ಸದ್ದು. ಇದು ಮಳೆಗಾಲದ ಸರ್ವೇಸಾಮಾನ್ಯ ರೋಗ. ರ‍್ಯಾಮ್ ಎಂಬ ಸ್ಮೃತಿಪಟ್ಟಿಯ ಹಲ್ಲುಗಳಿಗೆ ತೇವದಿಂದ ಕಿಲುಬು ಹತ್ತಿ ಸಂಪರ್ಕ ತಪ್ಪಿರುತ್ತದೆ. ವಿದ್ಯುತ್ತನ್ನು ಪೂರ್ತಿ ತೆಗೆದು, ಪಟ್ಟಿಯನ್ನು ಬಿಡಿಸಿ, ಹಲ್ಲುಗಳನ್ನು ಶಾಲಾ ಮಕ್ಕಳ ಬಿಳಿ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿಯನ್ನು ಒರೆಸಿ ಮರಳಿ ಕೂರಿಸಿದರೆ ಹತ್ತರಲ್ಲಿ ಹಲವು ಸಲ ಯಂತ್ರ ಏಳುತ್ತಿತ್ತು. ಪೆನ್ಸಿಲಿನ ಬರಹವನ್ನು ಅಳಿಸುವ ರಬ್ಬರು ಯಂತ್ರದ ಮರೆವನ್ನೂ ಅಳಿಸಿತೆಂದು ನಾನು ತರಗತಿಯಲ್ಲಿ ಹೇಳಿ ನಗಿಸಿದ್ದುಂಟು.

ಮೂರನೆಯ ರೋಗ ನಮ್ಮೂರಿನದಲ್ಲ, ಜಗತ್ತಿನದು. 1999ರಿಂದ 2007ರ ತನಕ ತಯಾರಾದ ಅನೇಕ ಮದರ್‌ಬೋರ್ಡುಗಳಲ್ಲಿ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳೊಳಗಿನ ದ್ರವ ದೋಷಯುಕ್ತವಾಗಿತ್ತು. ಕೆಲಕಾಲದಲ್ಲಿಯೇ ಅವುಗಳ ತಲೆ ಉಬ್ಬಿ, ಒಡೆದು, ಕಂದು ಬಣ್ಣದ ಅಂಟು ಹೊರಬರುತ್ತಿತ್ತು. ಯಂತ್ರ ಕಾರಣವಿಲ್ಲದೆ ನಿಲ್ಲುತ್ತಿತ್ತು, ತಾನಾಗಿ ಮರಳಿ ಹೊರಡುತ್ತಿತ್ತು. ಹೊಸ ಬೋರ್ಡು ಕೊಳ್ಳಲಾಗದವರ ನೆರವಿಗೆ ಬಂದವರು ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ ಹಳೆಯ ಕಸುಬುದಾರರು. ಅವರಿಗೆ ತಂತ್ರಾಂಶದ ಗಂಧವಿರಲಿಲ್ಲ. ಆದರೆ ಉಬ್ಬಿದ ಕೆಪಾಸಿಟರು ಅವರಿಗೆ ಹಳೆಯ ಪರಿಚಯ. ಬೆಸುಗೆಯ ಕಡ್ಡಿ ಹಿಡಿದು ಅವರು ಅನೇಕ ಯಂತ್ರಗಳಿಗೆ ಮರುಜೀವ ಕೊಟ್ಟರು. ಹಳೆಯ ಕಸುಬು ಹೊಸ ಕಸುಬಿಗೆ ಹೆಗಲು ಕೊಟ್ಟ ಈ ಸಂಗತಿ ಯಾವ ದಾಖಲೆಯಲ್ಲಿಯೂ ಉಳಿಯುವುದಿಲ್ಲವಾದ್ದರಿಂದ ಇಲ್ಲಿ ಬರೆದೆ.

ಇನ್ನೊಂದು ಪುಟ್ಟ ಸಂಗತಿ. ಯಂತ್ರದೊಳಗಿನ ಗಡಿಯಾರವನ್ನು ನಡೆಸುವುದು ನಾಣ್ಯದಂತಹ 3 ವೋಲ್ಟಿನ ಬ್ಯಾಟರಿ. ಅದು ಮುಗಿದರೆ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತದೆ. ಆಗ ಬ್ಯಾಂಕಿನ ಜಾಲತಾಣ ತೆರೆಯುವುದಿಲ್ಲ, ‘ಪ್ರಮಾಣಪತ್ರ ಸರಿಯಿಲ್ಲ’ ಎಂದು ತಕರಾರು ಮಾಡುತ್ತದೆ. ಜನ ಸಂಪರ್ಕ ಕೆಟ್ಟಿತೆಂದು ದೂರುತ್ತಾರೆ, ವೈರಸ್ ಎಂದು ಹೆದರುತ್ತಾರೆ. ದೋಷವಿರುವುದು ಪಂಚಾಂಗದಲ್ಲಿ! ಇನ್ನೂ ಜಾರಿಗೆ ಬಾರದ ಪ್ರಮಾಣಪತ್ರವನ್ನು ಹಳೆಯ ದಿನಾಂಕದ ಯಂತ್ರ ಒಪ್ಪುವುದಾದರೂ ಹೇಗೆ?

ವೈರಸ್ಸಿನ ಚರಿತ್ರೆಯೂ ಸ್ವಲ್ಪ ಇರಲಿ. 1999ರ ಏಪ್ರಿಲ್ 26ರಂದು ‘ಚೆರ್ನೋಬಿಲ್’ ಎಂದು ಹೆಸರಾದ ವೈರಸ್ಸು ಡಿಸ್ಕನ್ನಷ್ಟೇ ಅಲ್ಲದೆ ಕೆಲವು ಯಂತ್ರಗಳ ಬಯಾಸ್ ಚಿಪ್ಪನ್ನೂ ಅಳಿಸಿಹಾಕಿತು. 2003ರ ಆಗಸ್ಟಿನಲ್ಲಿ ‘ಬ್ಲಾಸ್ಟರ್’ ಬಂತು. ಅಂತರಜಾಲಕ್ಕೆ ಸೇರಿದೊಡನೆ 60 ಸೆಕೆಂಡುಗಳ ಗಡುವು ಕೊಟ್ಟು ಯಂತ್ರವನ್ನು ಮುಚ್ಚಿಬಿಡುತ್ತಿತ್ತು. ಆದರೆ ಹಳ್ಳಿಗಳಲ್ಲಿ ಹೆಚ್ಚು ಹಾವಳಿ ಮಾಡಿದ್ದು ಪೆನ್‌ಡ್ರೈವಿನ ವೈರಸ್. ಜೆರಾಕ್ಸ್ ಅಂಗಡಿ, ಫೋಟೋ ಸ್ಟುಡಿಯೋ, ಕಾಲೇಜು ಎಂದು ಪೆನ್‌ಡ್ರೈವ್ ಸುತ್ತಿದಂತೆ ಅದೂ ಸುತ್ತಿತು. ಸಿಕ್ಕಿಸಿದೊಡನೆ ತಾನಾಗಿ ಓಡುವ ‘ಆಟೋರನ್’ ಸೌಲಭ್ಯವೇ ಅದರ ವಾಹನ. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲಿ ಪೆನ್‌ಡ್ರೈವಿಗೆ ಆ ಸೌಲಭ್ಯವನ್ನು ನಿಲ್ಲಿಸಿದ ಮೇಲೆ ಹಾವಳಿ ಇಳಿಯಿತು. ಕಡತಗಳು ಕಾಣೆಯಾದವೆಂದು ಅತ್ತವರ ಕಡತಗಳು ಬಹಳ ಸಲ ಅಲ್ಲಿಯೇ ಇರುತ್ತಿದ್ದವು. ವೈರಸ್ಸು ಅವನ್ನು ಮರೆಮಾಡಿ, ಅದೇ ಹೆಸರಿನ ಸುಳ್ಳು ಕಡತವನ್ನು ಎದುರಿಗಿಟ್ಟಿರುತ್ತಿತ್ತು. ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿದರೆ ಮಕ್ಕಳ ಫೋಟೋಗಳೆಲ್ಲ ಮರಳಿ ಕಾಣುತ್ತಿದ್ದವು.

ಈ ತನಕ ಹೇಳಿದ ರೋಗಗಳಲ್ಲಿ ನಷ್ಟವಾಗುತ್ತಿದ್ದುದು ಹಣ, ಇಲ್ಲವೇ ಒಂದೆರಡು ದಿನದ ನೆಮ್ಮದಿ. ಇನ್ನು ಹೇಳಲಿರುವ ರೋಗದಲ್ಲಿ ನಷ್ಟವಾಗುವುದು ನಮ್ಮ ಬರಹ. ಯಂತ್ರ ಚೆನ್ನಾಗಿದೆ, ಕಡತ ತೆರೆಯುತ್ತದೆ, ಆದರೆ ಕನ್ನಡದ ಬದಲು ವಿಚಿತ್ರ ಚಿಹ್ನೆಗಳ ಸಂತೆ! ಇದು ಕನ್ನಡಿಗರ ಗಣಕಯಂತ್ರಕ್ಕೆ ಅಂಟಿಬಂದ ತೊಂದರೆ. ಭಾರತದ ಬೇರೆ ಭಾಷೆಗಳವರೂ ಇದನ್ನು ಅನುಭವಿಸಿದ್ದಾರೆ.

ಕಾರಣವನ್ನು ಬಿಡಿಸಿ ಹೇಳುತ್ತೇನೆ. ಹಳೆಯ ವ್ಯವಸ್ಥೆಯಲ್ಲಿ ಒಂದು ಅಕ್ಷರಶೈಲಿಗೆ ಇದ್ದುದು 256 ಮನೆಗಳು ಮಾತ್ರ. ಆ ಮನೆಗಳು ಮೂಲತಃ ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಸೇರಿದ್ದವು. ಕನ್ನಡ ತಂತ್ರಾಂಶ ರಚಿಸಿದವರು ಆ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಇಟ್ಟರು. ಯಂತ್ರದ ಲೆಕ್ಕದಲ್ಲಿ ಅಲ್ಲಿರುವುದು ಇಂಗ್ಲಿಷೇ. ಮೇಲೆ ಹೊದಿಸಿದ ಬಟ್ಟೆ ಮಾತ್ರ ಕನ್ನಡದ್ದು. ಉದಾಹರಣೆಗೆ ‘ನುಡಿ’ಯ ಹಳೆಯ ಶೈಲಿಯಲ್ಲಿ ‘ಕ’ ಎಂದರೆ 80 ಮತ್ತು 192ನೆಯ ಎರಡು ಮನೆಗಳು. ‘ನ’ಕಾರದ ಮನೆಯಲ್ಲಿ ಅಸಲಿಗೆ ವಾಸವಾಗಿರುವುದು ಬ್ರಿಟನ್ನಿನ ಪೌಂಡ್ ಚಿಹ್ನೆ, ‘ಪ’ಕಾರದ ಮನೆಯಲ್ಲಿ ಜಪಾನಿನ ಯೆನ್ ಚಿಹ್ನೆ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ‘ಪಂಜ’ ಎಂಬ ನಮ್ಮೂರಿನ ಹೆಸರು ಯೆನ್‌ನಿಂದ ಆರಂಭವಾಗುತ್ತದೆ! ಇದರ ಮೇಲೆ ಒಂದೊಂದು ಸಂಸ್ಥೆಯದು ಒಂದೊಂದು ಮನೆಹಂಚಿಕೆ. ಶ್ರೀಲಿಪಿಯಲ್ಲಿ ಬರೆದುದನ್ನು ಆಕೃತಿಯಲ್ಲಿ ಓದಲಾಗದು, ಆಕೃತಿಯದನ್ನು ನುಡಿಯಲ್ಲಿ ಓದಲಾಗದು.

ಈ ಗೊಂದಲದ ನಡುವೆಯೂ ದುಡಿದವರನ್ನು ಸ್ಮರಿಸಬೇಕು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಕನ್ನಡದ ವರ್ಣಮಾಲೆಯನ್ನು ಸಾಮಾನ್ಯ ಕೀಲಿಮಣೆಯ 26 ಅಕ್ಷರಗಳಲ್ಲಿಯೇ ಧ್ವನಿಗೆ ಅನುಗುಣವಾಗಿ ಕೂರಿಸಿದರು. ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಅವರ ಕೀಲಿಮಣೆಯ ವಿನ್ಯಾಸವೇ ಮುಂದೆ ಸರಕಾರದ ಮಾನ್ಯತೆ ಪಡೆದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿಗಳಿಗೆಲ್ಲ ಹರಡಿತು. 1996ರಲ್ಲಿ ಡಾ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಹೊರತಂದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದು ಪರದೇಶದ ಮಕ್ಕಳಿಗೂ ಊರಿನ ತಂದೆತಾಯಿಗಳಿಗೂ ಕನ್ನಡದಲ್ಲಿಯೇ ಓಲೆ ಬರೆಯುವ ಭಾಗ್ಯ ಒದಗಿತು.

ನಿಜವಾದ ಪರಿಹಾರ ಯುನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ಮೀಸಲಾಯಿತು. ಅಲ್ಲಿ ‘ಕ’ ಎಂದರೆ 3221. ಜಗತ್ತಿನ ಯಾವ ಯಂತ್ರದಲ್ಲಿಯೂ ಅದೇ. ಚಿತ್ರವನ್ನಲ್ಲ, ಅಕ್ಷರವನ್ನೇ ಸಂಗ್ರಹಿಸುವ ಕ್ರಮವಿದು. ‘ಕ್ಷ’ ಎಂದರೆ ಕಕಾರ, ವಿರಾಮ, ಷಕಾರ, ನಾವು ವ್ಯಾಕರಣದಲ್ಲಿ ಕಲಿಸುತ್ತಿದ್ದ ಹಾಗೆಯೇ. ಆದರೆ ಮನೆಯ ಯಂತ್ರಕ್ಕೆ ಅದು ತಲುಪಲು ಹತ್ತು ವರ್ಷ ಬೇಕಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿ ಬಂತು. ಆದರೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಯ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಆಯ್ಕೆಗೆ ಗುರುತು ಹಾಕಿ, ಮೂಲ ಸಿಡಿಯನ್ನು ಸಿಕ್ಕಿಸಿದರೆ ಮಾತ್ರ ‘ಅಮ್ಮ’ ಎಂಬುದು ‘ಅಮ್ಮ’ ಎಂದೇ ಕಾಣುತ್ತಿತ್ತು. 2007ರಲ್ಲಿ ವಿಸ್ತಾ ಬಂದ ಮೇಲೆ ಈ ಕಷ್ಟ ತಪ್ಪಿತು. ಇಂದು ಮೊಮ್ಮಕ್ಕಳು ಮೊಬೈಲಿನಲ್ಲಿ ಕನ್ನಡ ಬರೆಯುವಾಗ ಇಷ್ಟೆಲ್ಲ ದಾರಿ ಸವೆದುದರ ಅರಿವು ಅವರಿಗಿಲ್ಲ, ಇರಬೇಕಾದುದೂ ಇಲ್ಲ.

ಆದರೆ ನಡುವಿನ ಆ ಹತ್ತು ಹದಿನೈದು ವರ್ಷಗಳಲ್ಲಿ ಬರೆದುದರ ಗತಿಯೇನು? ಅದೇ ನನ್ನ ಚಿಂತೆ. ನಮ್ಮ ಹಿರಿಯರನೇಕರು ತಮ್ಮ ನೆನಪುಗಳನ್ನೂ ಮನೆತನದ ವಂಶವೃಕ್ಷವನ್ನೂ ಕೈಬರಹದ ಯಕ್ಷಗಾನ ಪ್ರಸಂಗಗಳನ್ನೂ ದೇವಸ್ಥಾನಗಳ ಸ್ಮರಣ ಸಂಚಿಕೆಯ ಲೇಖನಗಳನ್ನೂ ಟೈಪು ಮಾಡಿಸಿ ಇಟ್ಟದ್ದು ಆ ಕಾಲದಲ್ಲಿಯೇ. ಅವು ಫ್ಲಾಪಿಗಳಲ್ಲಿ, ಸಿಡಿಗಳಲ್ಲಿ, ಅಟ್ಟದ ಹಳೆಯ ಡಬ್ಬಗಳಲ್ಲಿ ಕುಳಿತಿವೆ. ನಮ್ಮ ಮಳೆಗಾಲದಲ್ಲಿ ಫ್ಲಾಪಿಗೂ ಸಿಡಿಗೂ ಬೂಸ್ಟು ಬರುತ್ತದೆ. ಬರದೆ ಉಳಿದರೂ ಹಳೆಯ ಅಕ್ಷರಶೈಲಿಯ ಕಡತದಲ್ಲಿ ‘ಪಂಜ’ ಎಂದು ಹುಡುಕಿದರೆ ಯಂತ್ರಕ್ಕೆ ಪಂಜ ಸಿಗುವುದಿಲ್ಲ. ಕಣ್ಣೆದುರಿಗಿದ್ದರೂ ಅದು ಇಲ್ಲದುದಕ್ಕೆ ಸಮಾನ.

ತಾಳೆಗರಿಯ ಕಾಲದಲ್ಲಿ ನಮ್ಮ ಪೂರ್ವಜರು ಗರಿಗಳಿಗೆ ಎಣ್ಣೆ ಸವರಿ ಹುಳದಿಂದ ಕಾಪಾಡುತ್ತಿದ್ದರು. ಗರಿ ಶಿಥಿಲವಾಗುವ ಮುನ್ನ ಹೊಸ ಗರಿಗೆ ಪ್ರತಿ ಮಾಡುತ್ತಿದ್ದರು. ಪ್ರತಿ ಮಾಡಿದ ಗ್ರಂಥ ಉಳಿಯಿತು, ಮಾಡದ್ದು ಅಳಿಯಿತು. ಗಣಕಯಂತ್ರದ ಕಾಲದಲ್ಲಿಯೂ ಧರ್ಮ ಅದೇ. ವ್ಯತ್ಯಾಸವಿಷ್ಟೆ: ಗರಿ ಇನ್ನೂರು ವರ್ಷ ಕಾದೀತು, ಸಿಡಿ ಇಪ್ಪತ್ತು ವರ್ಷ ಕಾದರೆ ಹೆಚ್ಚು.

ಆದುದರಿಂದ ಊರಿಗೆ ಬಂದಾಗ ಮೂರು ಕೆಲಸ ಮಾಡಿರಿ. ಮೊದಲನೆಯದಾಗಿ, ಹಳೆಯ ಡಬ್ಬವನ್ನು ಗುಜರಿಗೆ ಕೊಡುವ ಮುನ್ನ ಅದರ ಹಾರ್ಡ್ ಡಿಸ್ಕನ್ನು ತೆಗೆದಿಡಿರಿ. ಯಂತ್ರ ಸತ್ತಿದ್ದರೂ ಡಿಸ್ಕು ಬದುಕಿರುವುದುಂಟು. ಅದನ್ನು ಯುಎಸ್‌ಬಿಗೆ ಜೋಡಿಸುವ ಸಾಧನ ಪೇಟೆಯಲ್ಲಿ ಸಿಗುತ್ತದೆ. ಎರಡನೆಯದಾಗಿ, ಕಡತದಲ್ಲಿ ವಿಚಿತ್ರ ಚಿಹ್ನೆಗಳು ಕಂಡರೆ ಕೆಟ್ಟಿತೆಂದು ಅಳಿಸಬೇಡಿರಿ. ಅದು ಕೆಟ್ಟಿಲ್ಲ, ಬಟ್ಟೆ ತೊಟ್ಟಿಲ್ಲ ಅಷ್ಟೆ. ಯಾವ ಅಕ್ಷರಶೈಲಿಯೆಂದು ಗುರುತಿಸಿ, ಬರಹ, ನುಡಿ ಮೊದಲಾದವುಗಳೊಡನೆ ಬರುವ ಪರಿವರ್ತಕದಿಂದ ಯುನಿಕೋಡಿಗೆ ತನ್ನಿರಿ. ಮೂಲ ಕಡತವನ್ನು ಮಾತ್ರ ಹಾಗೆಯೇ ಉಳಿಸಿರಿ. ಮೂರನೆಯದಾಗಿ, ಪರಿವರ್ತನೆಯಾದುದನ್ನು ಒಮ್ಮೆ ಕಣ್ಣಾರೆ ಓದಿರಿ. ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಪಲ್ಲಟವಾಗಿರುತ್ತವೆ. ಅದನ್ನು ತಿದ್ದಲು ಊರಿನ ಹೆಸರು, ಮನೆತನದ ಹೆಸರು ಬಲ್ಲ ಹಿರಿಯರೇ ಬೇಕು, ಯಂತ್ರದಿಂದ ಆಗದು. ಆ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.

ಗಣಕಯಂತ್ರದ ಬಿಡಿಭಾಗ ಕೆಟ್ಟರೆ ಹೊಸತು ಕೊಳ್ಳಬಹುದು. ಅಜ್ಜನ ಬರಹ ಹೋದರೆ ಅದನ್ನು ಮಾರುವ ಅಂಗಡಿ ಇಲ್ಲ. ಸಾಧ್ಯವಾದವರು ಈ ಬೇಸಿಗೆ ರಜೆಯಲ್ಲಿಯೇ ಅಟ್ಟ ಹತ್ತಿರಿ. ಸಿಕ್ಕಿದುದೇನೆಂದು ನನಗೂ ತಿಳಿಸಿರಿ. ಅಕ್ಷರ ತಿದ್ದುವ ಕೆಲಸಕ್ಕೆ ಈ ಹಳೆಯ ಮಾಷ್ಟ್ರ ಕಣ್ಣು ಇನ್ನೂ ಸಾಕಷ್ಟು ಚುರುಕಾಗಿದೆ.

ಎಲ್ಲರಿಗೂ ಶುಭವಾಗಲಿ.